ದೀಪದ ಮುಂದೆ ಪಿನ್, ಟ್ಯಾಪ್, ಪ್ಯಾನ್

ಆ ದಿನ ಕರೆಂಟ್ ಹೋಗದೇ ಇದ್ದಿದ್ದರೆ ನನ್ನ ದಡ್ಡತನ ಇನ್ನೂ ಕೆಲವು ದಿನ ಮುಚ್ಚಿಕೊಂಡೇ ಇರುತ್ತಿತ್ತು.

ಬನಶಂಕರಿ ಎರಡನೇ ಸ್ಟೇಜಿನ ಹಳೆಯ ಮನೆಯೊಂದರಲ್ಲಿ ನಡೆಯುವ ನರ್ಸರಿ ಸ್ಕೂಲು ನಮ್ಮದು. ಯುಕೆಜಿ ಮಕ್ಕಳಿಗೆ ಇಂಗ್ಲಿಷ್ ಓದು ಹತ್ತಿಸುವುದು ನನ್ನ ಕೆಲಸ. ಅದಕ್ಕೆ ಫೋನಿಕ್ಸ್ ಎನ್ನುತ್ತಾರೆ. ಅಕ್ಷರದ ಹೆಸರನ್ನು ಪಕ್ಕಕ್ಕಿಟ್ಟು ಅದರ ಸದ್ದನ್ನು ಮಾತ್ರ ಕಲಿಸುವುದು, ಆಮೇಲೆ ಸದ್ದಿಗೆ ಸದ್ದು ಕೂಡಿಸಿ ಪದ ಓದಿಸುವುದು. ಆ ವರ್ಷ, ಹಿಂದೆ ಆ ಮನೆಯವರ ಊಟದ ಕೋಣೆಯಾಗಿದ್ದ ಕಡೆ ಎಂಟು ಕಂಪ್ಯೂಟರುಗಳು ಬಂದು ಕುಳಿತಿದ್ದವು. ಅವುಗಳೊಳಗೆ ಒಂದು ಫೋನಿಕ್ಸ್ ಸಾಫ್ಟ್‌ವೇರ್. ತೆರೆಯ ಮೇಲೆ ಒಂದು ಪದ ಬರುತ್ತದೆ, ಕೆಳಗೆ ಮೂರು ಚಿತ್ರ. ಮಗು ಪದವನ್ನು ಓದಿ ಸರಿಯಾದ ಚಿತ್ರ ಒತ್ತಿದರೆ ಒಂದು ಆನೆಮರಿ ಸೊಂಡಿಲೆತ್ತಿ ಸ್ಟಾರ್ ಎಸೆಯುತ್ತದೆ. ಒಂದು ಹಂತಕ್ಕೆ ಹನ್ನೆರಡು ಪದ. ಹನ್ನೆರಡು ಸ್ಟಾರ್ ಬಂದರೆ ಆನೆಮರಿ ಕುಣಿಯುತ್ತದೆ, ಅದರ ಜೊತೆ ಇಡೀ ಕ್ಲಾಸೂ ಕುಣಿಯುತ್ತದೆ.

ಎಲ್ಲರಿಗಿಂತ ಹೆಚ್ಚು ಸಲ ಆನೆಮರಿಯನ್ನು ಕುಣಿಸಿದವಳು ಎರಡು ಜಡೆಯ ಒಬ್ಬ ಹುಡುಗಿ. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತಿದ್ದರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಅವಳ ಅಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಪ್ರಮೋಷನ್ ಸಿಕ್ಕಿದ ಕೂಡಲೇ ಪಾಟ್ನಾಕ್ಕೆ ವರ್ಗವಾಗಿತ್ತು. ಅಪ್ಪ ಊರಲ್ಲೇ ಇದ್ದರೂ ಬೆಳಿಗ್ಗೆ ಏಳಕ್ಕೆ ಹೋಗಿ, ಮಗಳು ಮಲಗಿದ ಮೇಲೆ ಬರುವ ಕೆಲಸ. ಹಾಗಾಗಿ ಪುಟ್ಟಿಯನ್ನು ನೋಡಿಕೊಳ್ಳುತ್ತಿದ್ದದ್ದು ಜಯನಗರದ ಅಜ್ಜಿ, ಅಪ್ಪನ ತಾಯಿ. ದಿನಾ ಸಂಜೆ ಪಾಟ್ನಾದಿಂದ ವಿಡಿಯೋ ಕಾಲ್ ಬರುವುದು, ಪುಟ್ಟಿ ಮನೆಯ ಟ್ಯಾಬ್‌ನಲ್ಲಿ ಅದೇ ಸಾಫ್ಟ್‌ವೇರ್ ತೆರೆದು ಅಮ್ಮನಿಗೆ ಸ್ಟಾರ್ ತೋರಿಸುವುದು, ಇದು ಅವರ ಮನೆಯ ಸಂಧ್ಯಾವಂದನೆ.

ನಾನೂ ಆ ಸ್ಟಾರುಗಳನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಪುಟ್ಟಿ ಈಗ ಸರಾಗವಾಗಿ ಓದುತ್ತಾಳೆ ಎಂದು ಅವಳ ಅಮ್ಮನಿಗೆ ಮೆಸೇಜ್ ಹಾಕಿದೆ. ಅದನ್ನು ನೋಡಿದ್ದೇ ಅವರು ರಜೆ ಬರೆದುಕೊಟ್ಟು, ಪೇರೆಂಟ್ಸ್ ಡೇ ಶನಿವಾರಕ್ಕೆ ಟಿಕೆಟ್ ಮಾಡಿಸಿಬಿಟ್ಟರು. ಎರಡೇ ದಿನ, ಭಾನುವಾರ ಸಂಜೆ ವಾಪಸ್. ಮಗಳು ತನ್ನ ಮುಂದೆ ಕೂತು ಓದುವುದನ್ನು ಕೇಳಬೇಕು, ಅಷ್ಟೇ ಅವರ ಆಸೆ.

ಕರೆಂಟ್ ಹೋದದ್ದು ಆ ಶನಿವಾರಕ್ಕೆ ಮೂರು ವಾರ ಉಳಿದಿದ್ದಾಗ. ಯುಪಿಎಸ್ ಐದು ನಿಮಿಷ ಕೀಂ ಕೀಂ ಎಂದು ಕಿರುಚಿ ಸುಮ್ಮನಾಯಿತು. ಮಕ್ಕಳನ್ನು ಸುಮ್ಮನೆ ಕೂರಿಸುವುದೆಂದರೆ ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ. ಅದಕ್ಕೇ ಮೊದಲ ಹಂತದ ಪದಗಳನ್ನೇ ನೆನಪಿಗೆ ಬಂದಂತೆ ಕರಿಹಲಗೆಯ ಮೇಲೆ ಬರೆದು, ಪುಟ್ಟಿಯನ್ನು ಕರೆದೆ. ಮೊದಲ ಪದ ಪಿನ್. ಅವಳು ಪಿನ್ ಎಂದಳು. ಎರಡನೆಯದು ನೆಟ್. ಅವಳು ಟ್ಯಾಪ್ ಎಂದಳು. ಕಣ್ತಪ್ಪಿರಬೇಕು ಅಂದುಕೊಂಡೆ. ಮೂರನೆಯದು ಪ್ಯಾನ್, ಅದನ್ನು ಸರಿಯಾಗಿಯೇ ಹೇಳಿದಳು. ನಾಲ್ಕನೆಯದು ಸನ್ ಇತ್ತು, ಅವಳು ನೆಟ್ ಎಂದಳು. ಏನೋ ಅನುಮಾನ ಬಂದು ಡಸ್ಟರ್ ತೆಗೆದುಕೊಂಡು ಹಲಗೆಯನ್ನು ಪೂರ್ತಿ ಒರೆಸಿದೆ. ಬರೀ ಹಲಗೆಯ ಮೇಲೆ ಬೆರಳಿಟ್ಟೆ.

“ಕ್ಯಾಪ್” ಎಂದಳು ಪುಟ್ಟಿ, ಅಷ್ಟೇ ಧೈರ್ಯವಾಗಿ.

ಸಾಫ್ಟ್‌ವೇರಿನಲ್ಲಿ ಪದಗಳು ಬರುವ ಕ್ರಮವೇ ಅದು. ಪಿನ್, ಟ್ಯಾಪ್, ಪ್ಯಾನ್, ನೆಟ್, ಕ್ಯಾಪ್, ಸನ್. ಪ್ರತಿ ಸಲವೂ ಅದೇ ಕ್ರಮ, ಚಿತ್ರಗಳೂ ಅದೇ ಜಾಗದಲ್ಲಿ. ಹುಡುಗಿ ಒಂದು ಪದವನ್ನೂ ಓದುತ್ತಿರಲಿಲ್ಲ. ಒಂದೊಂದೇ ಅಕ್ಷರ ತೋರಿಸಿದರೆ ಸದ್ದನ್ನು ಸರಿಯಾಗಿ ಹೇಳುತ್ತಿದ್ದಳು, ಕೂಡಿಸುವುದು ಮಾತ್ರ ಗೊತ್ತೇ ಇರಲಿಲ್ಲ. ಕಂಪನಿಯವರಿಗೆ ಫೋನ್ ಮಾಡಿ ಜಗಳ ತೆಗೆದೆ. ಆ ಕಡೆಯವರು ಸಮಾಧಾನವಾಗಿ, ಟೀಚರುಗಳಿಗೆ ಅಂತಲೇ ಒಂದು ಪುಟ ಇದೆ ಮೇಡಂ, ಅಲ್ಲಿ ನಿಮ್ಮದೇ ಪದ ಹಾಕಿ ಕ್ರಮ ಕಲಸಿ ಕೊಡಬಹುದು, ತೆರೆದು ನೋಡಿದ್ದೀರಾ ಎಂದು ಕೇಳಿದರು. ನಾನು ತೆರೆದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆದರೂ ಹನ್ನೆರಡು ಹನ್ನೆರಡರಂತೆ ನಾಲ್ಕು ಹಂತದ ಪದಗಳನ್ನು ಐದು ವರ್ಷದ ಮಗು ತಪ್ಪಿಲ್ಲದೆ ನೆನಪಿಟ್ಟುಕೊಂಡಿದ್ದು ಹೇಗೆ ಎಂಬುದು ತಲೆಗೆ ಹೋಗಲಿಲ್ಲ. ಮಾರನೇ ದಿನ ಸಂಜೆ ಅಜ್ಜಿಗೆ ಹೇಳಿ ಅವರ ಮನೆಗೇ ಹೋದೆ. ದೀಪ ಹಚ್ಚುವ ಹೊತ್ತು. ಅಜ್ಜಿ ನನ್ನನ್ನು ಕೂರಿಸಿ, ಒಂದು ನಿಮಿಷ ಮಿಸ್, ಇವಳ ಬಾಯಿಪಾಠ ಮುಗಿದುಬಿಡಲಿ ಎಂದರು. ಪುಟ್ಟಿ ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಶುರು ಮಾಡಿದಳು. ವಾರದ ಹೆಸರುಗಳಾದವು. ಚೈತ್ರ, ವೈಶಾಖ ಆಯಿತು. ಅಶ್ವಿನಿ, ಭರಣಿ, ಕೃತ್ತಿಕೆಯಿಂದ ರೇವತಿಯವರೆಗೆ ಒಂದೇ ಉಸಿರು. ಎರಡರ ಮಗ್ಗಿ, ಮೂರರ ಮಗ್ಗಿ. ಆಮೇಲೆ ಅದೇ ರಾಗದಲ್ಲಿ, ಅದೇ ಕೈಮುಗಿದ ಭಂಗಿಯಲ್ಲಿ, ಪಿನ್, ಟ್ಯಾಪ್, ಪ್ಯಾನ್, ನೆಟ್, ಕ್ಯಾಪ್, ಸನ್. ನಾಲ್ಕು ಹಂತವೂ ಮುಗಿದ ಮೇಲೆ ದೇವರಿಗೆ ಅಡ್ಡಬಿದ್ದು ಎದ್ದಳು.

ನನಗೆ ನಗು ಬಂತು. ಅಜ್ಜಿ ಹಳೆಯ ನೋಟ್‌ಬುಕ್ ತಂದು ತೋರಿಸಿದರು. ಪ್ರತಿ ಪದವನ್ನೂ ಸಾಲಾಗಿ, ಮುದ್ದಾದ ಕನ್ನಡ ಅಕ್ಷರದಲ್ಲಿ ಬರೆದಿದ್ದರು. ಮೊಮ್ಮಗಳ ಪಕ್ಕ ಕೂತು, ಟ್ಯಾಬ್ ಹೇಳಿದ್ದನ್ನು ಕೇಳಿ ಕೇಳಿ ಬರೆದದ್ದಂತೆ. ಇದು ಓದಲ್ಲ, ಬರೀ ಬಾಯಿಪಾಠ ಎಂದು ನಾನು ಎಷ್ಟು ಮೆತ್ತಗೆ ಹೇಳಿದರೂ ವಿಷಯ ಗಟ್ಟಿಯಾಗಿಯೇ ಬಿತ್ತು.

“ಯಾಕೆ ಮಿಸ್, ತಪ್ಪಾಯ್ತಾ? ಮಗ್ಗಿ, ನಕ್ಷತ್ರ ಎಲ್ಲಾ ನಮಗೆ ಹೀಗೇ ತಾನೆ ಬಂದಿದ್ದು” ಎಂದರು. ನೋಟ್‌ಬುಕ್ ಮುಚ್ಚಿಟ್ಟು, “ಸ್ಟಾರ್ ಕಮ್ಮಿ ಬಂದ್ರೆ ಇವಳು ಮುಖ ಸಣ್ಣ ಮಾಡ್ಕೋತಾಳೆ. ಅಲ್ಲಿ ಅವಳಮ್ಮಂದೂ ಸಣ್ಣ ಆಗುತ್ತೆ. ಇಬ್ರೂ ನಗ್ಲಿ ಅಂತ ಮಾಡ್ದೆ” ಎಂದರು.

ಅವರನ್ನು ಏನೆಂದು ಬೈಯಲಿ? ನಾನೇ ಐದನೇ ಕ್ಲಾಸಿನಲ್ಲಿ ಇಂಗ್ಲಿಷ್ ಶುರು ಮಾಡಿ, ಸ್ಪೆಲಿಂಗುಗಳನ್ನು ಬಾಯಿಪಾಠ ಮಾಡಿ ಮೇಲೆ ಬಂದವಳು. ಓದು ನನಗೆ ಯಾವಾಗ ಕೂಡಿತೋ ನೆನಪಿಲ್ಲ. ಬಹುಶಃ ಅದಕ್ಕೇ ಈ ಕೆಲಸದಲ್ಲಿ ನನಗೆ ಒಂದೇ ಒಂದು ಹಂಬಲ. ಮಗು ಮೂರು ಸದ್ದನ್ನು ಬಿಡಿಬಿಡಿಯಾಗಿ ಹೇಳುತ್ತಾ ಹೇಳುತ್ತಾ ಇರುತ್ತದೆ, ದಿನಗಟ್ಟಲೆ. ಒಂದು ಗಳಿಗೆಯಲ್ಲಿ ಅವು ತಾವಾಗಿ ಅಂಟಿಕೊಂಡು ಪದವಾಗುತ್ತವೆ, ಮಗು ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಬೆರಗಾಗಿ ತಲೆಯೆತ್ತುತ್ತದೆ. ಆ ಗಳಿಗೆ ಬಂದರೆ ಸಾಕು, ಮುಂದಿನದೆಲ್ಲ ಬರೀ ಅಭ್ಯಾಸ. ಆದರೆ ಅದು ಟೀಚರ ಮುಂದೆ ಬರುವುದು ಅಪರೂಪ. ಆಟೋದಲ್ಲಿ, ಅಂಗಡಿಯ ಬೋರ್ಡಿನ ಮುಂದೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಬರುತ್ತದೆ. ಮಾರನೇ ದಿನ ತಾಯಂದಿರು ಬಂದು ಹೇಳುತ್ತಾರೆ, ನಾವು ಸಂತೋಷ ಎನ್ನುತ್ತೇವೆ. ಇಷ್ಟು ವರ್ಷದಲ್ಲಿ ನನ್ನ ಕಿವಿಗೇ ಬಿದ್ದದ್ದು ನಾಲ್ಕೋ ಐದೋ ಸಲ. ಪುಟ್ಟಿಯದನ್ನು ಕೇಳಲೇಬೇಕೆಂದು ಆ ಸಂಜೆ ನನಗೆ ತುಂಬ ಆಸೆಯಾಯಿತು.

ಮಾರನೇ ಬೆಳಿಗ್ಗೆ ಹೆಡ್ ಮೇಡಂಗೆ ವಿಷಯ ಹೇಳಿದೆ. ಪೇರೆಂಟ್ಸ್ ಡೇ ದಿನ ಎಲ್ಲ ತಂದೆ ತಾಯಿಯರ ಮುಂದೆ ಕಂಪ್ಯೂಟರಿನಲ್ಲಿ ಓದಿ ತೋರಿಸುವವಳು ಪುಟ್ಟಿಯೇ ಎಂದು ಅವರು ಆಗಲೇ ತೀರ್ಮಾನ ಮಾಡಿಯಾಗಿತ್ತು. ಅವರು ಕೆಟ್ಟವರಲ್ಲ, ಸ್ಕೂಲು ನಡೆಸುವವರು. ಸ್ವಲ್ಪ ಯೋಚಿಸಿ, “ಕ್ರಮ ಅದೇ ಬರುತ್ತೆ ಅಂದ್ರೆ ಆವತ್ತಿಗೇನೂ ತೊಂದ್ರೆ ಇಲ್ವಲ್ಲ ಮಿಸ್. ಆಮೇಲೆ ನಿಧಾನವಾಗಿ ಕಲ್ಸಿ” ಎಂದರು.

ಸುಲಭದ ದಾರಿ ಅದೇ. ಹುಡುಗಿ ಗಿಣಿಯ ಹಾಗೆ ಒಪ್ಪಿಸುತ್ತಾಳೆ, ಅಮ್ಮ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಾರೆ, ನನ್ನ ಮೆಸೇಜೂ ಸುಳ್ಳಾಗುವುದಿಲ್ಲ. ಅರ್ಧ ದಿನ ಅದನ್ನೇ ಮೆಲುಕು ಹಾಕಿದೆ. ಆ ತಾಯಿ ಅಷ್ಟು ದೂರದಿಂದ ಬಂದು ಕೇಳುವುದು ಒಂದು ಸುಳ್ಳನ್ನು ಎಂಬುದನ್ನು ಮಾತ್ರ ನುಂಗಲಾಗಲಿಲ್ಲ. ಮಧ್ಯಾಹ್ನ ಹೋಗಿ ಮೇಡಂಗೆ ಹೇಳಿದೆ, ಪುಟ್ಟಿ ಆವತ್ತು ಕಂಪ್ಯೂಟರಿನ ಮುಂದೆ ಕೂರುವುದಿಲ್ಲ, ಹಾಡಿನ ಗುಂಪಿನಲ್ಲಿ ನಿಲ್ಲುತ್ತಾಳೆ. ಅವರು ಆಯ್ತು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಂದು ವಾರ ನನ್ನ ಜೊತೆ ಮಾತು ಕಡಿಮೆ ಮಾಡಿದರು.

ಪುಟ್ಟಿಗೆ ಸಾಫ್ಟ್‌ವೇರ್ ಪೂರ್ತಿ ನಿಲ್ಲಿಸಿದೆ. ಅಕ್ಷರಗಳನ್ನೂ ಮುಚ್ಚಿಟ್ಟೆ. ಕೂಡಿಸುವುದು ಎಂದರೇನೆಂದೇ ಗೊತ್ತಿಲ್ಲದವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅದನ್ನು ಹೇಳಿಕೊಡುವುದು ಬೇಡ ಎನಿಸಿ ಕನ್ನಡದಲ್ಲಿ ಶುರು ಮಾಡಿದೆ. ಒಂದು ಬುಟ್ಟಿಯಲ್ಲಿ ಬೀಗ, ಚೆಂಡು, ಸೌಟು, ಬಳೆ ಹಾಕಿಟ್ಟು, “ಬ್… ಈ… ಗ್… ಅ” ಎನ್ನುವುದು, ಅವಳು ಅದನ್ನು ಎತ್ತಿಕೊಡುವುದು. ಮೊದಲ ಎರಡು ದಿನ ಬುಟ್ಟಿಯನ್ನೇ ತಂದು ನನ್ನ ತೊಡೆಯ ಮೇಲಿಟ್ಟಳು. ಮೂರನೇ ದಿನ ಬಳೆ ಕೈಗೆ ಬಂತು.

ಅಜ್ಜಿಯನ್ನೂ ಸೇರಿಸಿಕೊಂಡೆ. ವಾರ, ನಕ್ಷತ್ರ, ಮಗ್ಗಿ ಇರಲಿ, ಪಿನ್ ಟ್ಯಾಪ್ ದೇವರಿಗೆ ಬೇಡ, ಅದರ ಬದಲು ಮನೆಯ ಕೆಲಸದ ಮಾತುಗಳನ್ನೆಲ್ಲ ಸದ್ದು ಸದ್ದಾಗಿ ಒಡೆದು ಹೇಳಿ ಎಂದೆ. ಅಕ್ಷರ ಹೇಳಬಾರದು, ಬರೀ ಸದ್ದು ಬಿಡಬೇಕು ಎಂಬುದು ಅವರ ಬಾಯಿಗೆ ಹತ್ತಲು ನಾಲ್ಕು ದಿನ ಹಿಡಿಯಿತು. ಹತ್ತಿದ ಮೇಲೆ ಅವರನ್ನು ಹಿಡಿಯುವವರಿಲ್ಲ. ಪುಟ್ಟಿ, ಚ್… ಆ… ಪ್… ಎ ಹಾಸು. ಹ್… ಆ… ಲ್… ಉ ಕುಡಿ. ಮನೆಗೆ ಬಂದ ಹಾಲಿನವರ ಹತ್ತಿರವೂ ಹಾಗೇ ಮಾತಾಡಿಬಿಟ್ಟರಂತೆ, ಅಜ್ಜಿಯೇ ಹೇಳಿಕೊಂಡು ನಕ್ಕರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಎರಡನೇ ವಾರ ಟೀಚರ ಪುಟದಲ್ಲಿ ನನ್ನದೇ ಪದಗಳ ಪಟ್ಟಿ ಮಾಡಿ, ಕಲಸಿ, ಪುಟ್ಟಿಯನ್ನು ಮತ್ತೆ ಕೂರಿಸಿದೆ. ಹನ್ನೆರಡು ಪದಕ್ಕೆ ಒಂದೇ ಸ್ಟಾರ್ ಬಂತು. ಆನೆಮರಿ ತಲೆ ತಗ್ಗಿಸಿ ಕೂತಿತು. ಪುಟ್ಟಿ ಮೌಸ್ ಎಸೆದು, ನಂಗೆ ಬರ್ತಿತ್ತು, ನೀವೇ ಕೆಡ್ಸಿದ್ರಿ ಎಂದು ಅಳತೊಡಗಿದಳು. ಅದೇ ಸಂಜೆ ಅಮ್ಮನಿಗೆ ದೂರು ಹೋಯಿತು, ಅಮ್ಮನಿಂದ ನನಗೆ ಫೋನ್ ಬಂತು.

ಸರಾಗವಾಗಿ ಓದುತ್ತಾಳೆ ಎಂದು ಬರೆದದ್ದು ನೀವೇ ಅಲ್ಲವೇ ಎಂದು ಕೇಳಿದರು. ಧ್ವನಿ ಏರಿಸಲಿಲ್ಲ. ಹೌದು ಎಂದೆ. ದೀಪದ ಮುಂದಿನ ಬಾಯಿಪಾಠ, ಬರೀ ಹಲಗೆಯ ಮೇಲಿನ ಕ್ಯಾಪ್, ಎಲ್ಲವನ್ನೂ ಹೇಳಿದೆ. “ಅಜ್ಜಿ ತಪ್ಪಲ್ಲ ಮೇಡಂ, ನಂದು. ನಾನು ಸ್ಟಾರ್ ನೋಡಿದೆ, ಮಗೂನ ನೋಡ್ಲಿಲ್ಲ” ಎಂದೆ.

ಆ ಕಡೆ ಹಿಂದೆ ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು. ಆಮೇಲೆ ಅವರು ಹೇಳಿದ್ದು ಇಷ್ಟು: “ಸಂಜೆ ಇಪ್ಪತ್ತು ನಿಮಿಷ ಮಿಸ್, ದಿನಕ್ಕೆ ಅಷ್ಟೇ ಹೊತ್ತು ನಾನು ಅಮ್ಮ. ಅವಳು ಮೊದಲ ಹೆಜ್ಜೆ ಇಟ್ಟಿದ್ದು ಅತ್ತೆ ನೋಡಿದ್ರು, ನಾನು ಬ್ರಾಂಚಲ್ಲಿದ್ದೆ. ಮೊದಲ ಹಲ್ಲು ಬಿದ್ದಿದ್ದು ಫೋನಲ್ಲಿ ನೋಡ್ದೆ. ಓದೋದನ್ನಾದ್ರೂ ಮೊದಲು ನಾನು ಕೇಳ್ಬೇಕು ಅಂತಿತ್ತು.”

“ನೀವೇ ಕೇಳ್ತೀರ ಮೇಡಂ” ಎಂದುಬಿಟ್ಟೆ.

ಫೋನ್ ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಓದು ನಮ್ಮ ಟಿಕೆಟ್ ನೋಡಿಕೊಂಡು ಬರುತ್ತದೆಯೇ? ಉಳಿದ ದಿನಗಳಲ್ಲಿ ಬರದೇ ಹೋಗಬಹುದು. ಬರುವುದಾದರೆ ಅದು ನನ್ನ ಮುಂದೆಯೇ ಬರಲಿ ಎಂದು ಒಳಗೊಳಗೇ ಬಾಯಿ ಬಿಟ್ಟುಕೊಂಡು ಕೂತವಳು ನಾನು.

ಕೊನೆಯ ವಾರ ಕಂಪ್ಯೂಟರ್ ಇಲ್ಲ, ಸ್ಟಾರ್ ಇಲ್ಲ. ಹಳೆಯ ಮದುವೆ ಇನ್ವಿಟೇಷನ್ನುಗಳನ್ನು ಕತ್ತರಿಸಿ, ಅವುಗಳ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ಒಂದೊಂದು ಪದ ಬರೆದು ಹನ್ನೆರಡು ಕಾರ್ಡು ಮಾಡಿದೆ. ಟಬ್, ಮಡ್, ರಗ್, ಜಾಮ್, ಹೆನ್, ಹೀಗೆ ಆ ಸಾಫ್ಟ್‌ವೇರಿನಲ್ಲಿ ಎಲ್ಲೂ ಇಲ್ಲದವು. ದಿನಾ ಕಲಸುವುದು, ಕಾರ್ಡನ್ನು ಮರಳಿನ ತಟ್ಟೆಯ ಪಕ್ಕ ಇಡುವುದು. ಪುಟ್ಟಿ ಒಂದೊಂದು ಅಕ್ಷರವನ್ನು ಮರಳಿನಲ್ಲಿ ಬರೆಯುತ್ತಾ ಸದ್ದು ಹೇಳಬೇಕು, ಆಮೇಲೆ ಎಡದಿಂದ ಬಲಕ್ಕೆ ಬೆರಳೆಳೆದು ಕೂಡಿಸಬೇಕು. ಎಳೆಯುತ್ತಿದ್ದಳು, ಬೆರಳು ಕೊನೆ ಮುಟ್ಟುತ್ತಿತ್ತು, ಬಾಯಲ್ಲಿ ಮೂರು ಸದ್ದು ಮೂರಾಗಿಯೇ ನಿಲ್ಲುತ್ತಿದ್ದವು. ಆಗ ನನ್ನ ಮುಖ ನೋಡುತ್ತಿದ್ದಳು, ಮುಂದಿನ ಪದ ಅಲ್ಲಿ ಬರೆದಿದೆಯೇನೋ ಎನ್ನುವ ಹಾಗೆ. ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದೆ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ ಹೀಗೇ ಹೋಯಿತು.

ಶುಕ್ರವಾರ ಮೊದಲು ಬಂದದ್ದು ಹೆನ್ ಕಾರ್ಡು. ಹ್… ಎ… ನ್ ಎಂದಳು. ಇನ್ನೊಂದು ಸಲ, ಸ್ವಲ್ಪ ಬೇಗ. ಮೂರನೇ ಸಲ ನನ್ನ ಮುಖ ನೋಡಲಿಲ್ಲ. ಹುಬ್ಬು ಗಂಟು ಹಾಕಿ, ಬೆರಳನ್ನು ಮತ್ತೆ ಮೊದಲಿಗೆ ತಂದಿಟ್ಟು, ತುಟಿ ಮುಂದೆ ತಂದಳು. ಆ ಮುಖ ನನಗೆ ಗೊತ್ತು. ಇನ್ನೊಂದು ಉಸಿರು, ಅಷ್ಟೇ. ನಾನು ಇಷ್ಟು ದಿನ ಕಾದದ್ದು ಅದಕ್ಕೇ.

ನಾನು ಅಂಗೈಯಿಂದ ಕಾರ್ಡನ್ನು ಮುಚ್ಚಿದೆ.

“ಇದನ್ನ ನಾಳೆ ಅಮ್ಮನ ಹತ್ರ ಓದು ಪುಟ್ಟಿ” ಎಂದೆ.

“ನಂಗೆ ಈಗ್ಲೇ ಬಂದಿತ್ತು” ಎಂದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ನಾನು ಬಿಡಲಿಲ್ಲ. ಆ ದಿನವೆಲ್ಲ ನನ್ನ ಜೊತೆ ಟೂ ಬಿಟ್ಟಳು.

ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಬೆವತುಹೋದೆ. ಬಾಯಿಗೆ ಬಂದ ಓದನ್ನು ತಡೆದ ಟೀಚರು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಾಳೆ ಅದು ಮತ್ತೆ ಬರುತ್ತದೆಂದು ಯಾರು ಹೇಳಿದರು? ಎರಡು ಬಸ್ ಬಿಟ್ಟು ಮೂರನೆಯದನ್ನು ಹತ್ತಿದೆ.

ಶನಿವಾರ ಪುಟ್ಟಿಯ ಅಮ್ಮನ ವಿಮಾನ ತಡವಾಯಿತು. ಪೇರೆಂಟ್ಸ್ ಡೇ ಶುರುವಾಗಿ ಮುಗಿದೂ ಹೋಯಿತು. ಬೇರೆ ಒಬ್ಬ ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಆನೆಮರಿಯನ್ನು ಕುಣಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟಿ ಹಾಡಿನ ಗುಂಪಿನ ಕೊನೆಯಲ್ಲಿ ನಿಂತು, ಬಾಯಾಡಿಸದೆ, ಗೇಟನ್ನೇ ನೋಡುತ್ತಿದ್ದಳು. ಆಯಾ ಕುರ್ಚಿಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದಾಗ ಗೇಟಿನ ಮುಂದೆ ಕ್ಯಾಬ್ ನಿಂತಿತು. ಅವರು ಟ್ರಾಲಿ ಬ್ಯಾಗನ್ನು ಹಾಗೇ ಬಿಟ್ಟು ಒಳಗೆ ಬಂದರು. ಫೋನಿನಲ್ಲಿ ಕಂಡಿದ್ದಕ್ಕಿಂತ ಸಣ್ಣಗಿದ್ದರು. ಪುಟ್ಟಿ ಓಡಿಹೋಗಿ ಸೊಂಟ ತಬ್ಬಿಕೊಂಡವಳು ಎಷ್ಟು ಹೊತ್ತಾದರೂ ಬಿಡಲಿಲ್ಲ.

ನಾನು ಕಾರ್ಡುಗಳ ಕಟ್ಟನ್ನು ತಾಯಿಯ ಕೈಗೆ ಕೊಟ್ಟೆ. ಹೇಳಿಕೊಡಬೇಡಿ, ಕಾಯಿರಿ, ಮುಖದಲ್ಲಿ ಏನೂ ತೋರಿಸಬೇಡಿ ಎಂದಷ್ಟೇ ಹೇಳಿ, ಇಬ್ಬರನ್ನೂ ಕಂಪ್ಯೂಟರ್ ಕೋಣೆಯೊಳಗೆ ಕಳಿಸಿ ಬಾಗಿಲು ಎಳೆದುಕೊಂಡೆ. ಹೊರಗೆ ನಾನು ಮತ್ತು ಅಜ್ಜಿ, ಮೊಣಕಾಲೆತ್ತರದ ಮಕ್ಕಳ ಕುರ್ಚಿಗಳ ಮೇಲೆ. ಹಳೇ ಮನೆಯ ತೇಗದ ಬಾಗಿಲು, ಒಳಗೆ ಫ್ಯಾನು, ಹೊರಗೆ ಆಟೋಗಳು. ಏನೂ ಕೇಳಿಸುತ್ತಿರಲಿಲ್ಲ.

“ನಾನೂ ಕೇಳ್ಬೇಕಿತ್ತು ಮಿಸ್” ಎಂದರು ಅಜ್ಜಿ.

“ನಂಗೂ ಆಸೆ ಇತ್ತಮ್ಮ” ಎಂದೆ.

ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಬಾಗಿಲಿಗೆ ಕಿವಿ ಇಡೋಣ ಎಂದು ನನಗೆ ಎರಡು ಸಲ ಅನಿಸಿತು. ಸುಳ್ಳೇಕೆ ಹೇಳಲಿ, ಒಂದು ಸಲ ಎದ್ದೂ ನಿಂತೆ. ಮತ್ತೆ ಕೂತೆ.

ಬಾಗಿಲು ತೆರೆದಾಗ ಮೊದಲು ಬಂದವಳು ಪುಟ್ಟಿ. ನೇರವಾಗಿ ಶೂ ಹುಡುಕಲು ಹೋದಳು, ಹಸಿವಾಗಿತ್ತಂತೆ. ಹಿಂದೆ ಬಂದ ತಾಯಿಯ ಕಣ್ಣು ಕೆಂಪಾಗಿತ್ತು. ನನ್ನ ಕೈ ಹಿಡಿದುಕೊಂಡು, “ಓದಿದ್ಲು ಮಿಸ್” ಎಂದರು. ಯಾವ ಪದ, ಹೇಗೆ ಓದಿದಳು, ಓದಿ ತಲೆಯೆತ್ತಿದಳೇ ಎಂದು ಕೇಳಲು ನಾಲಿಗೆಯ ತುದಿಯವರೆಗೂ ಬಂತು. ಕೇಳಲಿಲ್ಲ. ಅದು ಅವರದು. ಮಾರನೇ ದಿನ ಸಂಜೆಗೆ ಅವರ ವಿಮಾನ.

ಸೋಮವಾರ ಪುಟ್ಟಿಯ ಕಣ್ಣು ಊದಿಕೊಂಡಿತ್ತು. ಅಜ್ಜಿ ಅವಳನ್ನು ಬಿಟ್ಟು, ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟನ್ನು ನನಗೆ ವಾಪಸ್ ಕೊಟ್ಟರು. ಆ ಬೆಳಿಗ್ಗೆ ಪುಟ್ಟಿ ಕಾರ್ಡುಗಳನ್ನು ಹೇಗೆ ಕಲಸಿಕೊಟ್ಟರೂ ಓದಿದಳು. ಎರಡು ಕಡೆ ಎಡವಿದಳು, ತಾನೇ ತಿದ್ದಿಕೊಂಡಳು. ನನಗೆ ಸಂತೋಷವಾಯಿತು. ಸಂತೆ ಮುಗಿದ ಮೇಲೆ ಹೋದವಳ ಸಂತೋಷ ಅದು, ಆದರೂ ಸಂತೋಷವೇ.

ಮಧ್ಯಾಹ್ನ ಎಣಿಸಿದಾಗ ಕಾರ್ಡು ಹನ್ನೊಂದೇ ಇದ್ದವು. ಅಜ್ಜಿ ಕರೆದುಕೊಂಡು ಹೋಗಲು ಬಂದಾಗ ಕೇಳಿದೆ.

“ಒಂದನ್ನ ಅವಳಮ್ಮ ಪರ್ಸಲ್ಲಿ ಇಟ್ಕೊಂಡ್ಳು ಮಿಸ್. ಮಿಸ್ ಕೇಳ್ತಾರೆ ಕೊಡು ಅಂದ್ರೂ ಕೊಡ್ಲಿಲ್ಲ. ಇದೇ ಮೊದಲ್ನೇದು ಅತ್ತೆ, ಅಂದ್ಳು.”

ಯಾವುದು ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಹನ್ನೊಂದನ್ನೂ ಮೇಜಿನ ಮೇಲೆ ಹರಡಿ ಒಂದೊಂದನ್ನೇ ಪಕ್ಕಕ್ಕೆ ಸರಿಸಿದೆ. ಟಬ್ ಇತ್ತು, ಮಡ್ ಇತ್ತು, ರಗ್ ಇತ್ತು, ಜಾಮ್ ಇತ್ತು. ಶುಕ್ರವಾರ ನಾನು ಅಂಗೈಯಿಂದ ಮುಚ್ಚಿದ ಕಾರ್ಡು ಇರಲಿಲ್ಲ. ಕಟ್ಟಿನಲ್ಲಿ ಅದು ಎಲ್ಲಿತ್ತೋ, ಹುಡುಕಿ ತೆಗೆದು ಅಲ್ಲಿಂದಲೇ ಶುರು ಮಾಡಿದ್ದಳು ಹುಡುಗಿ.

ಇನ್ನೊಂದು ಇನ್ವಿಟೇಷನ್ ಕತ್ತರಿಸಿ, ಬೆನ್ನಿಗೆ ಅದೇ ಪದ ಬರೆದೆ. ಮಕ್ಕಳೆಲ್ಲ ಹೋಗಿದ್ದರು, ಕಂಪ್ಯೂಟರುಗಳು ಆಫ್ ಆಗಿದ್ದವು. ಮಸಿ ಒಣಗುವವರೆಗೆ ಕಾದು, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟೆ. ಹ್… ಎ… ನ್ ಎಂದೆ. ಆಮೇಲೆ, ಅವಸರ ಮಾಡದೆ, ಕೂಡಿಸಿದೆ.